ಗುಳ್ಳೆ ನಿಂತಿದೆ, ವೈನ್ ಇನ್ನೂ ಸಿಹಿಯಾಗಿದೆ: ಬಾಟಲಿಗೆ ಕಾರ್ಕ್ ಹಾಕಲೋ, ತಿರುಪಿನ ಮುಚ್ಚಳವೋ?

ಎರಡೂ ಬೇಡ. ಸದ್ಯಕ್ಕೆ ಬಾಟಲಿಯ ಸಹವಾಸವೇ ಬೇಡ.

ಅನಾನಸ್ ವೈನ್, ಹತ್ತನೇ ದಿನಕ್ಕೆ ಗುಳ್ಳೆ ಬರುವುದು ನಿಂತಿದೆ, ರುಚಿ ನೋಡಿದರೆ ಹಿತವಾದ ಸಿಹಿ ಉಳಿದಿದೆ ಅಂತ ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು. ನನ್ನದು ಕಪ್ಪು ದ್ರಾಕ್ಷಿ, ಗುಳ್ಳೆ ನಿಂತದ್ದು ಹನ್ನೊಂದನೇ ದಿನ. ವ್ಯತ್ಯಾಸ ಅಷ್ಟೇ.

ಅದು ನನ್ನ ಮೊದಲ ವೈನ್. ಎಂಟು ಕಿಲೋ ದ್ರಾಕ್ಷಿಯನ್ನು ಕೈಯಲ್ಲೇ ಹಿಚುಕಿ, ಸಕ್ಕರೆ ನೀರು ಸೇರಿಸಿ, ಒಂದು ಪೊಟ್ಟಣ ವೈನ್ ಯೀಸ್ಟ್ ಉದುರಿಸಿ, ಗಾಜಿನ ಜಾಡಿಗೆ, ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕ್ ಸಿಕ್ಕಿಸಿ ಕೂತೆ. ಸಕ್ಕರೆ ಹಾಕಿದ್ದು ಕಣ್ಣಂದಾಜಿನಲ್ಲಿ. ಎರಡನೇ ದಿನದಿಂದ ಶುರುವಾಯಿತು ನೋಡಿ, ಬುಳಕ್, ಬುಳಕ್, ಬುಳಕ್. ಮನೆಯಲ್ಲಿ ಹೊಸ ಪ್ರಾಣಿ ಸಾಕಿದ ಹಾಗೆ ಖುಷಿ. ರಾತ್ರಿ ಎದ್ದು ಹೋಗಿ ಟಾರ್ಚ್ ಹಾಕಿ ನೋಡುತ್ತಿದ್ದೆ. ಒಂಬತ್ತನೇ ದಿನ ಚಳಿ ಇದ್ದಕ್ಕಿದ್ದಂತೆ ಜೋರಾಯಿತು. ಗುಳ್ಳೆ ನಿಮಿಷಕ್ಕೊಂದು, ಆಮೇಲೆ ಐದು ನಿಮಿಷಕ್ಕೊಂದು, ಹನ್ನೊಂದನೇ ದಿನ ಪೂರ್ತಿ ಮೌನ. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಸಿಹಿ ಇತ್ತು, ಘಮ ಇತ್ತು, ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟುತ್ತಲೂ ಇತ್ತು. ಆ ಚುರುಗುಟ್ಟುವಿಕೆಯಾದರೂ ನನಗೆ ಬುದ್ಧಿ ಹೇಳಬೇಕಿತ್ತು. ನಾನು ಅಂದುಕೊಂಡದ್ದು, "ಆಹಾ, ಮುಗಿದೂ ಹೋಗಿದೆ, ಸಿಹಿಯೂ ಉಳಿದಿದೆ, ಅದೃಷ್ಟ ಅಂದರೆ ಇದು!"

ಹನ್ನೆರಡು ಬಾಟಲಿ, 750 ಮಿಲಿಯದ್ದು, ಒಟ್ಟು ಒಂಬತ್ತು ಲೀಟರ್. ಕಾರ್ಕುಗಳನ್ನು ಮರದ ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ತಾರೀಖು ಬರೆದ ಚೀಟಿಯನ್ನೂ ಅಂಟಿಸಿದೆ. ಮಲಗುವ ಕೋಣೆಯ ಕಪಾಟಿನ ಕೆಳಗಿನ ಅರೆಯಲ್ಲಿ ಸಾಲಾಗಿ ಮಲಗಿಸಿ, ಆರು ತಿಂಗಳು ಮುಟ್ಟುವುದಿಲ್ಲ ಎಂದು ಮನೆಯವರೆದುರು ಪ್ರತಿಜ್ಞೆ ಬೇರೆ ಮಾಡಿದೆ.

ಐದು ವಾರ ಕಳೆಯಿತು. ಚಳಿ ಹೋಗಿ ಸೆಕೆ ಬಂತು. ಒಂದು ರಾತ್ರಿ ಎರಡೂವರೆಗೆ ಢಮ್ ಎಂದು ಸದ್ದು. ಹೆಂಡತಿ ಎದ್ದು ಕೂತು "ಏನ್ರೀ ಅದು?" ಅಂದಳು. ಫ್ಯಾನ್ ಕಳಚಿ ಬಿತ್ತೇನೋ ಎಂದು ನಾನು ಮೇಲೆ ನೋಡುತ್ತಿದ್ದೇನೆ, ಅಷ್ಟರಲ್ಲಿ ಇನ್ನೊಂದು, ಅದರ ಬೆನ್ನಿಗೇ ಮತ್ತೆರಡು. ಕಪಾಟಿನ ಬಾಗಿಲ ಸಂದಿಯಿಂದ ಕೆಂಪಗೆ ಹರಿದು ಬರುತ್ತಿತ್ತು. ನಮ್ಮ ಪುಣ್ಯ, ಬಾಗಿಲು ಮುಚ್ಚಿತ್ತು. ಬೆಳಿಗ್ಗೆ ನೋಡಿದರೆ ಆ ಮರದ ಬಾಗಿಲ ಒಳಮೈಯಲ್ಲಿ ಗಾಜಿನ ಚೂರುಗಳು ನಾಟಿಕೊಂಡಿದ್ದವು. ಹಗಲು ಹೊತ್ತಿನಲ್ಲಿ ಯಾರಾದರೂ ಕಪಾಟು ತೆರೆದು ಬಗ್ಗಿ ನಿಂತಿದ್ದಾಗ ಆಗಿದ್ದರೆ? ಅದನ್ನು ನಾನು ಇಂದಿಗೂ ಯೋಚಿಸಲು ಹೋಗುವುದಿಲ್ಲ.

ನಾಲ್ಕು ಒಡೆದಿದ್ದವು, ಮೂರರ ಕಾರ್ಕ್ ಹಾರಿಹೋಗಿತ್ತು, ಐದು ಸುಮ್ಮನೆ ಮಲಗಿದ್ದವು. ಆ ಐದನ್ನು ಏನು ಮಾಡುವುದು? ಹೆಲ್ಮೆಟ್, ದಪ್ಪ ಜಾಕೆಟ್, ಕೈಗವಸು ಹಾಕಿಕೊಂಡು, ಒದ್ದೆ ಕಂಬಳಿ ಹೊದಿಸಿ, ಒಂದೊಂದನ್ನೇ ಐಸ್ ತುಂಬಿದ ಬಕೆಟ್ಟಿಗೆ ಇಳಿಸಿದೆ. ತಣ್ಣಗಾದರೆ ಅನಿಲ ದ್ರವದಲ್ಲಿ ಹೆಚ್ಚು ಕರಗುತ್ತದೆ, ಒತ್ತಡ ಇಳಿಯುತ್ತದೆ. ಗಂಟೆಗಟ್ಟಲೆ ಬಿಟ್ಟು, ಕಂಬಳಿಯ ಮೇಲಿನಿಂದಲೇ ಬಿರಡೆ ಸಡಿಲಿಸಿದೆ. ಅರ್ಧ ವೈನ್ ನೊರೆಯಾಗಿ ಉಕ್ಕಿತು. ಹೆಂಡತಿ ಬಾಗಿಲಲ್ಲಿ ನಿಂತು "ಬಾಂಬ್ ನಿಷ್ಕ್ರಿಯ ದಳದವರೇ, ಕಾಫಿ ಬೇಕಾ?" ಎಂದು ಕೇಳಿದ್ದು ಈಗಲೂ ನೆಂಟರ ಮುಂದೆ ಬರುವ ಕಥೆ.

ನನ್ನ ತಪ್ಪು ಒಂದೇ, ಅದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಸಹಿಸಿಕೊಳ್ಳಿ. ಗುಳ್ಳೆ ನಿಂತರೆ ಹುದುಗುವುದು ಮುಗಿಯಿತು ಎಂದು ನಂಬಿದೆ. ಗುಳ್ಳೆ ಹೇಳುವುದು ಒಂದೇ ಸಂಗತಿ: ಈ ಕ್ಷಣ ಏರ್‌ಲಾಕಿನ ಮೂಲಕ ಅನಿಲ ಹೊರಗೆ ಹೋಗುತ್ತಿದೆಯೋ ಇಲ್ಲವೋ. ಸಕ್ಕರೆ ಎಷ್ಟು ಉಳಿದಿದೆ ಎಂಬುದು ಗುಳ್ಳೆಗೆ ಗೊತ್ತಿಲ್ಲ. ಚಳಿಗೆ ಯೀಸ್ಟ್ ಮುದುಡಿ ತಳದಲ್ಲಿ ಮಲಗಿಬಿಡುತ್ತದೆ, ಸಾಯುವುದಿಲ್ಲ. ಬೂದಿ ಮುಚ್ಚಿದ ಕೆಂಡ ಅದು. ಜಾಡಿಯ ಮುಚ್ಚಳ ಕೂದಲೆಳೆಯಷ್ಟು ಸಡಿಲ ಇದ್ದರೆ ಅನಿಲ ಅಲ್ಲಿಂದಲೇ ಹೋಗುತ್ತದೆ, ಏರ್‌ಲಾಕ್ ಮಾತ್ರ ಮೌನ. ಯೀಸ್ಟಿಗೆ ಬೇಕಾದ ಸಾರಜನಕ ಸಾಲದೆ ಹೋದರೂ, ಶುರುವಿನಲ್ಲೇ ಸಕ್ಕರೆ ಅತಿಯಾಗಿದ್ದರೂ ಅರ್ಧ ದಾರಿಯಲ್ಲಿ ಕೆಲಸ ನಿಲ್ಲುತ್ತದೆ. ಇದಕ್ಕೆ ಉಲ್ಟಾ ಆಗುವುದೂ ಉಂಟು: ಎಲ್ಲ ಮುಗಿದ ವೈನ್ ಕೂಡ ಕೋಣೆ ಬೆಚ್ಚಗಾದಾಗ ಕರಗಿದ್ದ ಅನಿಲ ಬಿಡುತ್ತಾ ಬುಳಕ್ ಅನ್ನುತ್ತದೆ. ಎರಡೂ ಕಡೆ ಸುಳ್ಳು ಹೇಳುವ ಸಾಕ್ಷಿಯ ಮಾತು ಕೇಳಿ ನಾನು ತೀರ್ಪು ಕೊಟ್ಟಿದ್ದೆ.

ಆ ಅವಾಂತರ ಮುಗಿದ ಮೇಲೆ ಬುದ್ಧಿ ಬಂದು ಹೈಡ್ರೋಮೀಟರ್ ಕೊಂಡೆ. ದ್ರವದಲ್ಲಿ ತೇಲಿಬಿಟ್ಟರೆ ಅದರ ಸಾಂದ್ರತೆ ತೋರಿಸುವ ಗಾಜಿನ ಕೊಳವೆ ಅದು; ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಮೇಲೆ. ಉಳಿದ ಬಾಟಲಿಯೊಂದರ ವೈನನ್ನು ಅಲುಗಾಡಿಸಿ, ಅನಿಲ ಪೂರ್ತಿ ಬಿಡಿಸಿ ಅಳೆದೆ: 1.018. ಬಾಟಲಿಯೊಳಗೆ ಐದು ವಾರ ಇದ್ದೂ ಉಳಿದದ್ದು ಇಷ್ಟು. ಅಂದರೆ ಲೀಟರಿಗೆ ಕಡಿಮೆಯೆಂದರೂ 45 ಗ್ರಾಂ ಸಕ್ಕರೆ. ಆಲ್ಕೋಹಾಲ್ ನೀರಿಗಿಂತ ಹಗುರ, ರೀಡಿಂಗನ್ನು ಕೆಳಗೆ ಎಳೆಯುತ್ತದೆ, ಹಾಗಾಗಿ ನಿಜವಾದ ಸಕ್ಕರೆ ಇನ್ನೂ ಹೆಚ್ಚೇ ಇತ್ತು. ಯೀಸ್ಟ್ ತಿನ್ನುವ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಆಲ್ಕೋಹಾಲ್ ಆಗುತ್ತದೆ, ಇನ್ನರ್ಧ ಇಂಗಾಲದ ಡೈಆಕ್ಸೈಡ್. ಶಾಂಪೇನ್ ಮಾಡುವವರು ಬಾಟಲಿಯೊಳಗೆ ಬೇಕೆಂದೇ ಎರಡನೇ ಸಲ ಹುದುಗಿಸಲು ಹಾಕುವ ಸಕ್ಕರೆ ಲೀಟರಿಗೆ ಸುಮಾರು 24 ಗ್ರಾಂ. ಅಷ್ಟಕ್ಕೇ ಒಳಗೆ ಆರು ವಾತಾವರಣದಷ್ಟು ಒತ್ತಡ ಏಳುತ್ತದೆ, ಕಾರಿನ ಟೈರಿನಲ್ಲಿರುವುದರ ಎರಡು ಮೂರು ಪಟ್ಟು. ಅದನ್ನು ತಡೆಯಲೆಂದೇ ಅವರ ಬಾಟಲಿಯ ಗಾಜು ದಪ್ಪ, ತಳ ಒಳಕ್ಕೆ ಬಾಗಿದ್ದು, ಬಿರಡೆಗೆ ತಂತಿಯ ಕಟ್ಟು. ನಾನು ತುಂಬಿದ್ದು ಮಾಮೂಲಿ ವೈನ್ ಬಾಟಲಿಗೆ. ಹೀಗೆ ಬೆಪ್ಪಾದವನು ನಾನೊಬ್ಬನೇ ಅಲ್ಲ ಎಂಬುದು ಸಮಾಧಾನ. ಫ್ರಾನ್ಸಿನ ಆ ಶಾಂಪೇನ್ ಪ್ರಾಂತ್ಯದಲ್ಲೇ ಹಿಂದೆ ಚಳಿಗಾಲಕ್ಕೆ ಹುದುಗುವುದು ನಿಂತ ವೈನ್ ವಸಂತದಲ್ಲಿ ಬಾಟಲಿಯೊಳಗೆ ಮತ್ತೆ ಎದ್ದು ನೆಲಮಾಳಿಗೆಗಳಲ್ಲಿ ಬಾಟಲಿಗಳು ಸಾಲುಸಾಲಾಗಿ ಒಡೆಯುತ್ತಿದ್ದವು, ಕೆಲಸದವರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಓಡಾಡುತ್ತಿದ್ದರು. ಉಳಿದ ಸಕ್ಕರೆಯನ್ನು ಅಳೆಯುವುದು ಕಲಿತದ್ದು 19ನೇ ಶತಮಾನದಲ್ಲಿ. ನನ್ನ ಹೆಲ್ಮೆಟ್ಟಿಗೂ ಒಂದು ಪರಂಪರೆ ಇದೆ ಅಂತಾಯಿತು!

ಈಗ ನಿಮ್ಮ ಜಾಡಿಗೆ ಬರೋಣ. ಹತ್ತು ದಿನಕ್ಕೆ ಗುಳ್ಳೆ ನಿಂತು ಇನ್ನೂ ಸಿಹಿ ಇದೆ ಅಂದರೆ ನಿಮ್ಮ ವೈನ್ ಮುಗಿದಿಲ್ಲ, ನಿಂತಿದೆ. ಈ ಎರಡು ಮಾತಿನ ನಡುವೆ ಒಂದು ಕಪಾಟಿನಷ್ಟು ಅಂತರವಿದೆ. ಏರ್‌ಲಾಕ್ ಹಾಗೇ ಇರಲಿ. ಜಾಡಿಯನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್ ಇರುವ ಜಾಗಕ್ಕೆ ಒಯ್ಯಿರಿ. ಮೆತ್ತಗೆ ಒಂದು ಸುತ್ತು ತಿರುಗಿಸಿದರೆ ತಳದ ಯೀಸ್ಟ್ ಏಳುತ್ತದೆ, ಆದರೆ ಕುಲುಕಿ ಗಾಳಿ ಬೆರೆಸಬೇಡಿ. ಹೈಡ್ರೋಮೀಟರ್ ಕೊಳ್ಳಿ, ಇವತ್ತೇ. ಇದೊಂದು ಗಾಜಿನ ಕೊಳವೆ ಇಲ್ಲದೆ ವೈನ್ ಮಾಡುವುದನ್ನು ನಾನು ಹವ್ಯಾಸ ಅನ್ನುವುದಿಲ್ಲ, ಜೂಜು ಅನ್ನುತ್ತೇನೆ. ರೀಡಿಂಗ್ 1.000ಕ್ಕಿಂತ ಕೆಳಗೆ, 0.990 ಮತ್ತು 0.998ರ ನಡುವೆ ಎಲ್ಲೋ ಒಂದು ಕಡೆ ಬಂದು, ವಾರಕ್ಕೊಮ್ಮೆಯಂತೆ ಮೂರು ಸಲ ಅಳೆದರೂ ಅಲ್ಲೇ ಇದ್ದರೆ ಆಗ ಮುಗಿದಂತೆ. 1.020ರಲ್ಲೋ 1.030ರಲ್ಲೋ ಅಲುಗದೆ ಕೂತರೆ ಅದೂ "ಸ್ಥಿರ" ಅಲ್ಲವೇ ಎಂದು ನಿಮ್ಮ ಮನಸ್ಸು ವಾದಿಸುತ್ತದೆ. ಕೇಳಬೇಡಿ. ಬೇರೆ ಪಾತ್ರೆಯಲ್ಲಿ ಹೊಸ ವೈನ್ ಯೀಸ್ಟ್ ಎಬ್ಬಿಸಿ, ಅದಕ್ಕೆ ನಿಮ್ಮ ವೈನನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸಿ, ಯೀಸ್ಟ್ ಪೋಷಕವನ್ನೂ ಸೇರಿಸಿ, ಆಮೇಲೆ ಜಾಡಿಗೆ ಸುರಿಯಿರಿ.

ಗೆಳೆಯರು "ಸಲ್ಫೈಟ್ ಮಾತ್ರೆ ಹಾಕಿದರೆ ಹುದುಗುವುದು ನಿಲ್ಲುತ್ತದೆ" ಎಂದಿದ್ದಾರೆ ಅಂತಲೂ ಬರೆದಿದ್ದೀರಿ. ನಿಲ್ಲುವುದಿಲ್ಲ. ಸಲ್ಫೈಟ್ ವೈನ್ ಕೆಡದಂತೆ ಹಾಕುವ ಸಂರಕ್ಷಕ, ಮಾಮೂಲಿಯಾಗಿ ಹಾಕುವಷ್ಟನ್ನು ವೈನ್ ಯೀಸ್ಟ್ ಆರಾಮಾಗಿ ತಾಳಿಕೊಳ್ಳುತ್ತದೆ. ಪೊಟ್ಯಾಸಿಯಂ ಸೋರ್ಬೇಟ್ ಎಂಬ ಇನ್ನೊಂದು ಸಂರಕ್ಷಕ ಕೂಡ ಯೀಸ್ಟ್ ಮರಿ ಹಾಕುವುದನ್ನು ತಡೆಯುತ್ತದೆ ಅಷ್ಟೇ, ಇರುವ ಯೀಸ್ಟನ್ನು ಕೊಲ್ಲುವುದಿಲ್ಲ. ಹಾಗಾಗಿ ಇವೆರಡಕ್ಕೂ ಸಮಯ ಬರುವುದು ಹುದುಗಿ ಮುಗಿದು, ಗಸಿ ಕೆಳಗಿಳಿದು, ಪೈಪಿನಿಂದ ಮೇಲಿನ ತಿಳಿಯನ್ನು ಎರಡು ಮೂರು ಸಲ ಬೇರೆ ಜಾಡಿಗೆ ಇಳಿಸಿದ ಮೇಲೆ. ಆಗ ಎರಡನ್ನೂ ಒಟ್ಟಿಗೆ ಹಾಕಿ, ಕೆಲವು ದಿನ ಬಿಟ್ಟು, ಬೇಕಾದಷ್ಟು ಸಕ್ಕರೆ ಬೆರೆಸಿ, ಮತ್ತೆರಡು ವಾರ ಏರ್‌ಲಾಕಿನಡಿಯಲ್ಲೇ ಇಟ್ಟು, ರೀಡಿಂಗ್ ಇಳಿಯುತ್ತಿಲ್ಲ ಎಂದು ನೋಡಿ. ನಾನಂತೂ ಈ ಗೋಜಿಗೇ ಹೋಗುವುದಿಲ್ಲ. ಸಕ್ಕರೆ ಉಳಿಯದ ಹಾಗೆ ಪೂರ್ತಿ ಹುದುಗಿಸುತ್ತೇನೆ, ಸಿಹಿ ಬೇಕೆನ್ನುವವರಿಗೆ ಕುಡಿಯುವಾಗ ಲೋಟಕ್ಕೆ ಸಕ್ಕರೆ ಪಾಕ ಬೆರೆಸಿ ಕೊಡುತ್ತೇನೆ. ಬಲ್ಲವರು ಮೂಗು ಮುರಿಯುತ್ತಾರೆ. ಅವರ ಕಪಾಟು ಒಡೆದಿಲ್ಲ, ಮುರಿಯಲಿ ಬಿಡಿ.

"ಬಾಟಲಿಗೆ ತುಂಬಿ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲ ಬಿಟ್ಟರಾಯಿತು" ಎಂಬ ಸಲಹೆಯೂ ನಿಮಗೆ ಬಂದೇ ಬರುತ್ತದೆ. ಒಂದು ದಿನ ಮರೆತರೆ? ಊರಿಗೆ ಹೋದರೆ? ಆ ಕೆಲಸಕ್ಕೆಂದೇ ಏರ್‌ಲಾಕ್ ಎಂಬ ವಸ್ತು ಇದೆ, ಅದಕ್ಕೆ ಮರೆವಿಲ್ಲ.

ಹುದುಗುವುದರಿಂದಲೇ ಮೆಥನಾಲ್ ವಿಷ ಆಗುತ್ತದೆ ಎಂಬ ನಿಮ್ಮ ಭಯದ ಬಗ್ಗೆ ಎರಡೇ ಮಾತು. ಹಣ್ಣಿನ ಪೆಕ್ಟಿನ್‌ನಿಂದ ತೀರಾ ಸಣ್ಣ ಪ್ರಮಾಣದಲ್ಲಿ ಬರುತ್ತದೆ, ಮನೆಯ ವೈನಿನಲ್ಲಿ ಅದು ಆತಂಕಪಡುವಷ್ಟಿರುವುದಿಲ್ಲ. ಭಟ್ಟಿ ಇಳಿಸಲು ಮಾತ್ರ ಹೋಗಬೇಡಿ, ಅದು ಬೇರೆಯೇ ಅಪಾಯ, ಬೇರೆಯೇ ಕಾನೂನು. ಪಾತ್ರೆ ಪೈಪು ಶುಚಿಯಾಗಿರಲಿ. ಹುದುಗುವ ಭರ ಇಳಿದ ಮೇಲೆ ಜಾಡಿಯ ಕುತ್ತಿಗೆಯವರೆಗೆ ವೈನ್ ತುಂಬಿರಲಿ, ಖಾಲಿ ಜಾಗದ ಗಾಳಿ ಸಿಕ್ಕಿದರೆ ಬ್ಯಾಕ್ಟೀರಿಯಾ ಅದನ್ನು ವಿನೆಗರ್ ಮಾಡಿಬಿಡುತ್ತದೆ. ನನ್ನ ಎರಡನೇ ವೈನಿನ ಕಥೆ ಅದು, ಇನ್ನೊಮ್ಮೆ ಹೇಳುತ್ತೇನೆ.

ಎಲ್ಲ ಮುಗಿದು ನಿಜಕ್ಕೂ ಬಾಟಲಿಗೆ ತುಂಬುವ ದಿನ ಬಂದಾಗ, ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೊಳೆದು ಅದಕ್ಕೂ ಅದೇ ವೈನ್ ತುಂಬಿ, ಗಾಳಿ ಹಿಂಡಿ ತೆಗೆದು ಮುಚ್ಚಿ ಪಕ್ಕದಲ್ಲಿಡಿ. ವಾರಕ್ಕೊಮ್ಮೆ ಹಿಸುಕಿ ನೋಡಿ. ಮೆತ್ತಗಿದ್ದರೆ ನಿಶ್ಚಿಂತೆ. ಕಲ್ಲಿನಂತೆ ಬಿಗಿದಿದ್ದರೆ ಗಾಜಿನ ಬಾಟಲಿಗಳೊಳಗೂ ಅದೇ ನಡೆಯುತ್ತಿದೆ. ಐಸ್, ಕಂಬಳಿ, ಹೆಲ್ಮೆಟ್.

ಕಾರ್ಕೋ ತಿರುಪೋ ಎಂದು ಕೇಳಿದ್ದಿರಿ. ಆ ದಿನ ಬಂದಾಗ ಯಾವುದಾದರೂ ನಡೆಯುತ್ತದೆ. ನಾನು ತಿರುಪಿನದ್ದೇ ಬಳಸುತ್ತೇನೆ, ಸುತ್ತಿಗೆಯಲ್ಲಿ ಕಾರ್ಕ್ ಬಡಿಯುವ ಸದ್ದಿಗೆ ಮನೆಯಲ್ಲಿ ಈಗಲೂ ಎಲ್ಲರೂ ಬೆಚ್ಚಿಬೀಳುತ್ತಾರೆ.