ಪಾರ್ಕಿನಲ್ಲಿ ಸ್ವಲ್ಪ ಹೊತ್ತು ಕೂತರೆ ಮನಸ್ಸು ಹಗುರ ಆಗೋದು ಯಾಕೆ?

ದಣಿದ ಗಮನಕ್ಕೆ ಅಲ್ಲಿ ಬಿಡುವು ಸಿಗುತ್ತದೆ, ಒಂದು ಕಾರಣ ಅದು. ಕೆಲಸ, ಫೋನು, ಟ್ರಾಫಿಕ್ಕು ಎಲ್ಲವೂ ಗಮನವನ್ನು ಬಲವಂತವಾಗಿ ಎಳೆಯುತ್ತವೆ. ಗಾಳಿಗೆ ಅಲುಗಾಡುವ ಎಲೆ ಹಾಗಲ್ಲ, ಅಲ್ವಾ? ಸುಮ್ನೆ ನೋಡ್ತಾ ಕೂರಬಹುದು, ಅಷ್ಟರಲ್ಲಿ ಮನಸ್ಸು ಸುಧಾರಿಸಿಕೊಳ್ಳುತ್ತದೆ.

1984ರಲ್ಲಿ ಸಂಶೋಧಕ ರೋಜರ್ ಉಲ್ರಿಕ್ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. ಆಪರೇಷನ್ ಆದಮೇಲೆ ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ನೋವಿನ ಜೋರು ಔಷಧಿಗಳೂ ಅವರಿಗೆ ಕಡಿಮೆ ಸಾಕಾದವು.

ಪಾರ್ಕಿಗೆ ಹೋಗೋಕೆ ಹೂ ಬಿಡುವ ಕಾಲವೇ ಆಗಬೇಕೆಂದಿಲ್ಲ. ಬೋಳು ಕೊಂಬೆಯ ತುದಿಯಲ್ಲೂ ಪುಟ್ಟ ಮೊಗ್ಗು ಕಾಯುತ್ತಿರುತ್ತದೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಗಲಲ್ಲಿ ಅದು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.