ಬಾಡಿಗೆ ಕೊಡುತ್ತಿಲ್ಲ, ಮನೆಯೂ ಬಿಡುತ್ತಿಲ್ಲ: ಏನು ಮಾಡಬಹುದು?

ಬೆಂಗಳೂರಿನಲ್ಲಿ ನಿಮ್ಮ ಮೇಲಿನ ಮನೆ. ಬಾಡಿಗೆ 18 ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಏಳು ತಿಂಗಳಿಂದ ದುಡ್ಡು ಬಂದಿಲ್ಲ, 11 ತಿಂಗಳ ಕರಾರೂ ಮುಗಿದಿದೆ. ಬಾಡಿಗೆದಾರರು ಊರಿಗೆ ಹೋದಾಗ ಬೀಗ ಹಾಕಿಬಿಡಲಾ ಅಂತ ಕೇಳಿದ್ದೀರಿ.

ಖಂಡಿತ ಬೇಡ. ನಾನು ಇಲ್ಲೇ ಬಾಡಿಗೆ ಕೇಸು ನಡೆಸುವ ವಕೀಲ. ಬೀಗ ಹಾಕಿದರೆ ಅವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹಿಡಿದು, ಆರು ತಿಂಗಳೊಳಗೆ ದಾವೆ ಹೂಡಿ ಮನೆ ವಾಪಸ್ ಕೇಳಬಹುದು. ಅಲ್ಲಿ ನೀವೇ ಪ್ರತಿವಾದಿ. ಬಾಡಿಗೆ ಬಾಕಿಯ ಮಾತು ಅಲ್ಲಿ ನಡೆಯುವುದಿಲ್ಲ. ಕರೆಂಟು, ನೀರು ತೆಗೆಸುವ ಯೋಚನೆಯನ್ನೂ ಬಿಡಿ.

ಎಲ್ಲರೂ ರೆಂಟ್ ಆಕ್ಟ್ ಅನ್ನುತ್ತಾರೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಈಗ ಆ ದರಕ್ಕೆ ಒಂದು ರೂಮೂ ಸಿಗುವುದು ಕಷ್ಟ, ಅಲ್ವಾ? ನಿಮ್ಮದು 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಬರುತ್ತದೆ. ಕರಾರು ಮುಗಿದು ತಿಂಗಳ ಬಾಡಿಗೆದಾರರಾಗಿ ಮುಂದುವರಿದವರಿಗೆ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಟ್ಟರೆ ಸಾಕು. ಕಾರಣವನ್ನೂ ಹೇಳಬೇಕಿಲ್ಲ. ಬರೀ 'ಬಾಡಿಗೆ ಬಾಕಿ' ಎಂಬ ಕಾರಣ ಹಿಡಿದು ಕರಾರು ರದ್ದು ಮಾಡಿದರೆ ಒಂದು ತೊಡಕಿದೆ: ಬಾಡಿಗೆದಾರರು ಕೋರ್ಟಿನಲ್ಲಿ ಬಾಕಿ, ಬಡ್ಡಿ, ಖರ್ಚು ಎಲ್ಲ ಕಟ್ಟಿ ಉಳಿದುಕೊಳ್ಳಲು 114ನೇ ಕಲಂ ದಾರಿ ಕೊಡುತ್ತದೆ. ನೋಟಿಸ್ ಆದ ಮೇಲೆ ಅವರು ಹಣ ಹಾಕಿದರೆ, ಬಾಕಿಗೆ ಜಮಾ ಮಾಡಿದ್ದೇನೆ, ನೋಟಿಸ್ ಹಿಂದಕ್ಕೆ ಪಡೆದಿಲ್ಲ ಅಂತ ಬರೆದು ತಿಳಿಸಿ.

ನೋಟಿಸಿಗೂ ಬಿಡದಿದ್ದರೆ ದಾವೆ, ಅದು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ (ಇಂಥ ಸಣ್ಣ ವ್ಯಾಜ್ಯಗಳ ಕೋರ್ಟು). ಕೋರ್ಟ್ ಫೀಗೆ ಲೆಕ್ಕ ಒಂದು ವರ್ಷದ ಬಾಡಿಗೆ, ಮನೆಯ ಬೆಲೆಯಲ್ಲ. ಕರಾರುಪತ್ರಕ್ಕೆ ಸ್ಟಾಂಪ್ ಸರಿಯಾಗಿದೆಯಾ ನೋಡಿಕೊಳ್ಳಿ. ಕಮ್ಮಿ ಇದ್ದರೆ ಅದನ್ನು ಸಾಕ್ಷ್ಯವಾಗಿ ಹಾಕುವಾಗ ಕೊರತೆಯ ಜೊತೆ ಹತ್ತು ಪಟ್ಟು ದಂಡದ ಮಾತು ಬರುತ್ತದೆ. ಬಾಡಿಗೆದಾರಿಕೆಯನ್ನೂ ನೋಟಿಸ್ ತಲುಪಿದ್ದನ್ನೂ ಅವರು ಒಪ್ಪಿಕೊಂಡರೆ, ಪೂರ್ತಿ ವಿಚಾರಣೆಗೆ ಕಾಯದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 12, ನಿಯಮ 6ರಲ್ಲಿ ತೀರ್ಪು ಕೇಳಬಹುದು. ಎಷ್ಟೋ ವಕೀಲರು ಇದನ್ನು ಕೇಳುವುದೇ ಇಲ್ಲ.

ನಿಜವಾದ ತಲೆನೋವು ಡಿಕ್ರಿ, ಅಂದರೆ ಮನೆ ಬಿಡಿಸುವ ಕೋರ್ಟ್ ಆದೇಶ, ಬಂದ ಮೇಲೆ. ಗೆದ್ದೆವು ಅಂತ ಸುಮ್ನೆ ಕೂತರೆ ಮನೆ ಸಿಗುವುದಿಲ್ಲ. ಡಿಕ್ರಿ ಜಾರಿ ಮಾಡಿಸುವ ಎಕ್ಸಿಕ್ಯೂಷನ್ ಅರ್ಜಿ ಬೇರೆಯೇ ಹಾಕಬೇಕು. ಎರಡು ವರ್ಷದೊಳಗೆ ಹಾಕಿದರೆ ಸಾಮಾನ್ಯವಾಗಿ ಅವರಿಗೆ ಮತ್ತೆ ನೋಟಿಸ್ ಬೇಕಿಲ್ಲ. ಅಷ್ಟರಿಂದಲೇ ಎಷ್ಟೋ ವಾಯಿದೆ ಉಳಿಯುತ್ತವೆ. ಕೋರ್ಟಿನ ಅಮೀನರು ವಾರಂಟ್ ಹಿಡಿದು ಬರುವ ದಿನ ಬಾಗಿಲಿಗೆ ಬೀಗ ಇರುತ್ತದೆ, ಇಲ್ಲವೇ ನಾನೇ ಬಾಡಿಗೆದಾರ ಅಂತ ಯಾರೋ ಒಬ್ಬ ಹೊಸಬ ಒಳಗಿಂದ ಬರುತ್ತಾನೆ. ಬೀಗ ಒಡೆಯಲು, ಪೊಲೀಸರ ನೆರವಿಗೆ ಆದೇಶವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಎಕ್ಸಿಕ್ಯೂಷನ್ ಆರು ತಿಂಗಳಲ್ಲಿ ಮುಗಿಯಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ರಾಹುಲ್ ಎಸ್. ಶಾ ಪ್ರಕರಣದಲ್ಲಿ ಹೇಳಿದೆ. ಅದೂ ಬೆಂಗಳೂರಿನ ಜಾಗದ ವ್ಯಾಜ್ಯವೇ. ಅರ್ಜಿಯಲ್ಲಿ ಆ ತೀರ್ಪನ್ನು ಎತ್ತಿ ಹೇಳಿಸಿ.

ಮೇಲಿನ ಕೋರ್ಟಿಗೆ ಹೋದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ತಡೆ ಬೇಕು. ಅದಕ್ಕೇ ಮೊದಲೇ ಕೇವಿಯಟ್ (ನಮ್ಮ ಮಾತು ಕೇಳದೆ ತಡೆ ಕೊಡಬೇಡಿ ಎಂಬ ಅರ್ಜಿ) ಹಾಕಿ, 90 ದಿನ ಚಾಲ್ತಿಯಲ್ಲಿರುತ್ತದೆ. ತಡೆ ಕೊಟ್ಟರೂ ಡಿಕ್ರಿ ದಿನದಿಂದ ಮಾರುಕಟ್ಟೆ ದರದಲ್ಲಿ ಹಣ ಕಟ್ಟಿಸಬೇಕು ಅಂತ ಕೇಳಿ. ಸುಪ್ರೀಂ ಕೋರ್ಟಿನ 2004ರ ಆತ್ಮಾ ರಾಮ್ ಪ್ರಾಪರ್ಟೀಸ್ ತೀರ್ಪು ನಿಮ್ಮ ಪರ ಇದೆ.

ನಿಮ್ಮ ಬಾಕಿ ಈಗಲೇ 1.26 ಲಕ್ಷ, ಅಡ್ವಾನ್ಸ್ ಮುಗಿದುಹೋಗಿದೆ. ನಾನಾಗಿದ್ದರೆ ಈ ವಾರವೇ ನೋಟಿಸ್ ಕಳಿಸಿ, ಜೊತೆಗೆ ಇಂಥ ತಾರೀಖಿಗೆ ಖಾಲಿ ಮಾಡಿದರೆ ಬಾಕಿಯಲ್ಲಿ ಇಷ್ಟು ಬಿಡುತ್ತೇನೆ ಅಂತ ಹೇಳಿನೋಡುತ್ತೇನೆ. ಅವರು ಒಪ್ಪಿದರೂ ಬರೀ ಬಾಯಿಮಾತು ಬೇಡ. ದಾವೆ ಹಾಕಿ, ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿ. ಅದಕ್ಕೆ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿಯೂ ಇಲ್ಲ.