ಸಾಲದ ಕಂತು ಬೇರೆ, ಬಾಡಿಗೆ ಬೇರೆ

ಮಾನ್ಯರೇ,

ಕಲಬುರಗಿಗೆ ವರ್ಗವಾಗಿರುವುದರಿಂದ, ಬೆಂಗಳೂರಿನ ವಿಜಯನಗರದಲ್ಲಿ ಇದುವರೆಗೆ ನೀವೇ ವಾಸವಿದ್ದ ಎರಡು ಬೆಡ್‌ರೂಮಿನ ಮನೆಯನ್ನು ಬಾಡಿಗೆಗೆ ಕೊಡಬೇಕೆಂದಿದ್ದೀರಿ. ಬ್ಯಾಂಕಿನ ಕಂತು ತಿಂಗಳಿಗೆ 35,000 ರೂಪಾಯಿ ಇರುವಾಗ ಬಾಡಿಗೆಯೂ ಅಷ್ಟಿರುವುದು ನ್ಯಾಯವಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ನೀವು ಎಷ್ಟು ಸಾಲವನ್ನು ಎಷ್ಟು ವರ್ಷಗಳ ಅವಧಿಗೆ ಪಡೆದಿದ್ದೀರಿ ಎಂಬುದರ ಮೇಲೆ ಕಂತು ನಿಂತಿದೆ; ಬಾಡಿಗೆಗೂ ಅದಕ್ಕೂ ಸಂಬಂಧವಿಲ್ಲ. ಸಾಲವನ್ನೇ ಮಾಡದೆ ಮನೆ ಕಟ್ಟಿಸಿದ ನೆರೆಯವರು ಕಡಿಮೆ ಬಾಡಿಗೆಗೆ ಕೊಡುತ್ತಾರೆಯೇ? ಅಲ್ಲದೆ ಕಂತಿನೊಳಗೆ ಅಸಲಿನ ಪಾಲೂ ಇದ್ದು, ಅದು ಖರ್ಚಲ್ಲ, ನಿಮ್ಮದೇ ಆಸ್ತಿಯಾಗಿ ಉಳಿಯುವ ಹಣ.

ಆದ್ದರಿಂದ ನಿಮ್ಮ ಬೀದಿಯಲ್ಲಿಯೂ ಅಕ್ಕಪಕ್ಕದ ಅಡ್ಡರಸ್ತೆಗಳಲ್ಲಿಯೂ ಇತ್ತೀಚೆಗೆ ಬಾಡಿಗೆಗೆ ಬಂದವರು ನಿಜವಾಗಿ ಕೊಡುತ್ತಿರುವ ಮೊತ್ತವನ್ನು ವಿಚಾರಿಸಿರಿ. ಜಾಹೀರಾತಿನಲ್ಲಿರುವುದು ಮಾಲೀಕರ ಆಸೆ. ಚೌಕಾಸಿಯ ನಂತರ ಕುದುರುವುದು ಬೇರೆ. ಬ್ರೋಕರ್‌ಗಳನ್ನು ಕೇಳುವಾಗ ಒಬ್ಬರ ಮಾತನ್ನೇ ನಂಬಬೇಡಿ. ಹೋಲಿಸುವಾಗ ಚದರಡಿಯೊಂದನ್ನೇ ನೋಡದೆ ಕಾವೇರಿ ನೀರು ಬರುತ್ತದೆಯೋ ಟ್ಯಾಂಕರನ್ನೇ ನೆಚ್ಚಬೇಕೋ, ಕಾರು ನಿಲ್ಲಿಸಲು ಜಾಗವಿದೆಯೋ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಬಹುದೋ, ವಿದ್ಯುತ್ ಮೀಟರ್ ಪ್ರತ್ಯೇಕವಾಗಿದೆಯೋ ಎಂಬುದನ್ನೂ ಗಣಿಸಿರಿ. ತೇಗದ ಬಾಗಿಲಿಗೂ ದೇವರಮನೆಯ ಕೆತ್ತನೆಗೂ ನೀವು ಪ್ರೀತಿಯಿಂದ ಹಾಕಿದ ಹಣವನ್ನು ಬಾಡಿಗೆದಾರರು ಮೆಚ್ಚಿಯಾರು. ಆದರೆ ಅದಕ್ಕಾಗಿ ಹೆಚ್ಚು ಕೊಡಲಾರರು.

ಹೀಗೆ ವಿಚಾರಿಸಿದಾಗ 30,000 ರೂಪಾಯಿ ಎಂದು ತಿಳಿದುಬಂದಿತೆನ್ನೋಣ. ಆ ಬಾಡಿಗೆಗೆ ಮನೆ ಕೂಡಲೇ ಹೋದರೆ ವರ್ಷಕ್ಕೆ 3,60,000 ರೂಪಾಯಿ. 35,000ಕ್ಕೇ ಪಟ್ಟು ಹಿಡಿದು ಮನೆ ಎರಡು ತಿಂಗಳು ಖಾಲಿ ಉಳಿದರೆ ಬರುವುದು 3,50,000 ಮಾತ್ರ. ನೀವು ದೂರದ ಊರಿನಲ್ಲಿರುವಾಗ ಬೀಗ ಹಾಕಿದ ಮನೆಯ ಉಸ್ತುವಾರಿಯೂ ಸುಲಭವಲ್ಲ.

ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆಯ ಮನೆಗೆ ಆಸ್ತಿ ತೆರಿಗೆಯ ದರ ಎರಡು ಪಟ್ಟು ಎಂಬುದನ್ನು ಅನೇಕರು ಮರೆಯುತ್ತಾರೆ. ಆದಾಯ ತೆರಿಗೆಯಲ್ಲಿಯಾದರೋ, ನೀವು ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದುದರಲ್ಲಿ ಶೇ. 30ರಷ್ಟನ್ನು, ರಿಪೇರಿಗೆ ನಿಜವಾಗಿ ಎಷ್ಟೇ ಖರ್ಚಾಗಿರಲಿ, ಕಡಿತ ಮಾಡಿಕೊಳ್ಳಬಹುದು. ಕೈಗೆ ಎಷ್ಟು ಉಳಿಯುತ್ತದೆಂದು ತಿಳಿಯಲು ಈ ಲೆಕ್ಕ ಬೇಕು. ಬಾಡಿಗೆಯನ್ನು ಏರಿಸಲು ಇದು ಕಾರಣವಾಗದು.

ಅಡ್ವಾನ್ಸ್ ಬಗೆಗೂ ಒಂದು ಮಾತು. ಹತ್ತು ತಿಂಗಳ ಬಾಡಿಗೆಯನ್ನು ಕೇಳುವುದು ನಮ್ಮ ನಗರದ ಹಳೆಯ ರೂಢಿಯಾದರೂ, ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳಿಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ನಮ್ಮ ಅಭಿಪ್ರಾಯದಲ್ಲಿ, ಅಡ್ವಾನ್ಸ್ ಕಡಿಮೆ ಮಾಡಿದರೆ ಒಳ್ಳೆಯ ಬಾಡಿಗೆದಾರರು ಬೇಗ ಸಿಗುತ್ತಾರೆ. ಎಷ್ಟೇ ಪಡೆದರೂ ಅದನ್ನು ಸಾಲಕ್ಕೆ ಕಟ್ಟಿಬಿಡದೆ ಬ್ಯಾಂಕಿನಲ್ಲಿಡಿ, ಏಕೆಂದರೆ ಮನೆ ಖಾಲಿಯಾದ ದಿನ ಆ ಹಣವನ್ನು ಹಿಂದಿರುಗಿಸಬೇಕು. ಮೇಂಟೆನೆನ್ಸ್ ಬಾಡಿಗೆಯೊಳಗೇ ಸೇರಿದೆಯೋ ಪ್ರತ್ಯೇಕವೋ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುವಿರಿ, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ ಎಂಬುದನ್ನೆಲ್ಲ ಕರಾರು ಪತ್ರದಲ್ಲಿಯೇ ಬರೆಸಿರಿ.

— ಸಂಪಾದಕ